ಗಾದಿ ಗೌಸನ ಹರಕೆ

ಗೌಸ ಹೆಂಡತಿಗೆ ಹೇಳಿದ್ದು ಒಂದೇ ಸುಳ್ಳು. ಅದೇ ಅವನನ್ನು ಗುಡ್ಡ ಹತ್ತಿಸಿತು.

ಆಂಟಾಪ್ ಹಿಲ್‌ನ ನಮ್ಮ ಚಾಳಿನಲ್ಲಿ ಎಲ್ಲರೂ ಅವನನ್ನು ಗಾದಿ ಗೌಸ ಅನ್ನುತ್ತಾರೆ. ಮೀಸೆ ಮೂಡುವ ಮೊದಲೇ ಬಾಗಲಕೋಟೆ ಕಡೆಯಿಂದ ಬಂದವನು. ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಬಿಲ್ಡಿಂಗ್‌ನಿಂದ ಬಿಲ್ಡಿಂಗ್‌ಗೆ ಅಲೆದ, ಆಮೇಲೆ ಸ್ವಂತ ಮಶೀನ್ ಇಟ್ಟ. ಅರ್ಧ ಮುಂಬಯಿ ನಿನ್ನ ಗಾದಿಯ ಮೇಲೆ ಗೊರಕೆ ಹೊಡೆದಿದೆಯಪ್ಪಾ ಎಂದು ನಾನು ಛೇಡಿಸುತ್ತಿದ್ದೆ. ಊರಿಗೆಲ್ಲ ನಿದ್ದೆ ಕೊಟ್ಟ ಹತ್ತಿ ಇವನ ಎದೆಯಲ್ಲಿ ದೂಳಾಗಿ ಕೂತಿತು. ಈಗ ಮಲಗಿದರೆ ಉಸಿರು ಕಟ್ಟುತ್ತದೆ, ಕೂತೇ ರಾತ್ರಿ ಕಳೆಯುತ್ತಾನೆ.

ಪರೇಲಿನ ಆಸ್ಪತ್ರೆಗೆ ಅವನ ಜೊತೆ ಹೋಗಿದ್ದು ಪಕ್ಕದ ಖೋಲಿಯ ನಾನು, ಶಾಂತಪ್ಪ. ಶ್ವಾಸಕೋಶ ಗಟ್ಟಿಯಾಗಿದೆ, ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಹೊರಗೆ ಚಹಾ ಕುಡಿಯುತ್ತಾ ಗೌಸ ಅಂದ, "ಹಸೀನಾಗ ಹೇಳಬ್ಯಾಡೋ. ಆರಾಮ ಆತು ಅಂತ ಹೇಳತೀನಿ." ಹಾಗೇ ಹೇಳಿದ. ಬೀಸೋ ದೊಣ್ಣೆ ತಪ್ಪಿತು ಅಂದುಕೊಂಡ ಪುಣ್ಯಾತ್ಮ.

ಹಸೀನಾ ಹರಕೆ ಹೊತ್ತಿದ್ದು ಅವನಿಗೆ ನೆನಪೇ ಇರಲಿಲ್ಲ. ಗಂಡ ಗುಣವಾದರೆ ಅವನ ಕೈಯಿಂದಲೇ ಖಾಜಾ ಖಿಜರನ ಹೆಸರಿನಲ್ಲಿ ಮಾಲಿದಿಯ ಮೇಲೆ ಫಾತಿಹಾ ಓದಿಸಿ ನೀರಿಗೆ ದೀಪ ಬಿಡಿಸುತ್ತೇನೆ ಎಂದು ಬೇಡಿಕೊಂಡಿದ್ದಳು. ಖಿಜರ್ ಅಂದರೆ ನೀರು ಕಾಯುವ ಸಂತ. ಗುಣವಾದ ಮೇಲೆ ತಡಮಾಡಿದರೆ ಹೋದ ರೋಗ ತಿರುಗಿ ಬರುತ್ತದೆಂದು ಅವಳ ನಂಬಿಕೆ. ದೀಪ ಬಿಡಲು ಸಿಹಿನೀರೇ ಬೇಕು. ಸಮುದ್ರ ಉಪ್ಪು, ಹತ್ತಿರದ ಬಾವಿಗಳಿಗೆಲ್ಲ ಸಿಮೆಂಟಿನ ಮುಚ್ಚಳ. ಮುಲುಂಡಿನ ಹಿಂದಿನ ಗುಡ್ಡದ ಕಾಡಿನಲ್ಲಿ ಒಂದು ಹೊಂಡವಿದೆ ಎಂದು ಚಾಳಿನವರು ಯಾರೋ ಹೇಳಿದ್ದೇ ತಡ, ಅವಳು ರೊಟ್ಟಿ ಮುರಿದು ಬೆಲ್ಲ ಕಲೆಸಿ ಮಾಲಿದಿ ಮಾಡಿಯೇಬಿಟ್ಟಳು. ಗೌಸ ನನ್ನ ಮುಖ ನೋಡಿದ. ಈಗ ಬೇಡ ಅನ್ನಲು ಅವನಿಗೆ ಕಾರಣವೇ ಇರಲಿಲ್ಲ.

ಮಳೆ ಹೋಗಿ ಅಕ್ಟೋಬರ್ ಬಿಸಿಲು ಬಿದ್ದಿತ್ತು. ಹುಲ್ಲು ಆಗಲೇ ಹಳದಿ. ಸಯಾನ್ ಸ್ಟೇಶನ್ನಿನಲ್ಲಿ ಲೋಕಲ್ ರೈಲು ಹತ್ತಿ ಮುಲುಂಡಿಗೆ ಇಳಿದು, ಗುಡ್ಡದ ಬುಡದವರೆಗೆ ರಿಕ್ಷಾದಲ್ಲಿ ಹೋದೆವು. ಗಟ್ಟಿಯಿದ್ದವರಿಗೆ ಅದು ಏರೇ ಅಲ್ಲ. ಗೌಸ ಮಾತ್ರ ಸಿಕ್ಕ ಸಿಕ್ಕ ಮರದಡಿ ಕೂತ. ಒಮ್ಮೆ ಚಪ್ಪಲಿ ಕಚ್ಚುತ್ತದೆ ಅಂದ. ಇನ್ನೊಮ್ಮೆ ಹಕ್ಕಿ ನೋಡುತ್ತೇನೆ ಅಂದ. ಜೀವಮಾನದಲ್ಲಿ ಕಾಗೆಯನ್ನೂ ತಲೆಯೆತ್ತಿ ನೋಡಿದವನಲ್ಲ! ನನಗೆ ಮೈಯೆಲ್ಲ ಉರಿಯಿತು, ಅವನ ಮೇಲೆ, ಅವಳ ಮೇಲೆ, ಆ ಖಿಜರನ ಮೇಲೂ. ಬೆನ್ನ ಮೇಲೆ ಹೊರುತ್ತೇನೆ ಬಾ ಅಂದರೆ ದುರುಗುಟ್ಟಿದ.

ಹಸೀನಾ ಮಾಲಿದಿಯ ಡಬ್ಬಿ ಹಿಡಿದು ಮುಂದಿದ್ದಳು. ಅವರಿಬ್ಬರೇ ಇದ್ದರೆ ದಖನಿ ಮಾತಾಡುತ್ತಾರೆ, ನಾನಿದ್ದರೆ ಕನ್ನಡ. "ಆರಾಮಾದ ಮನಶಾ ಹಿಂಗ ಕುಂದರತಾನೇನ್ರಿ?" ಎಂದು ಮೊದಮೊದಲು ನಕ್ಕಳು. ಆಮೇಲೆ ನಗುವುದನ್ನು ಬಿಟ್ಟಳು. ಕೊನೆಕೊನೆಗೆ ಹಿಂತಿರುಗಿ ನೋಡುವುದನ್ನೂ ಬಿಟ್ಟಳು.

ಹೊಂಡ ಚಿಕ್ಕದು. ಸುತ್ತ ಮರಗಳು, ನೀರಿನ ಮೇಲೆ ಉದುರಿದ ಎಲೆ. ನರಪಿಳ್ಳೆಯೂ ಇರಲಿಲ್ಲ. ಹಸೀನಾ ಕಣಕದ ದೀಪಕ್ಕೆ ಎಣ್ಣೆ ಹಾಕಿ ಎಲೆಯ ದೊನ್ನೆಯಲ್ಲಿಟ್ಟಳು. ಮಾಲಿದಿಯ ಮುಂದೆ ಗೌಸ ಕೈಯೆತ್ತಿ ಓದಲು ಶುರುಮಾಡಿದ. ಅರ್ಧಕ್ಕೇ ಉಸಿರು ಕಟ್ಟಿತು. ಮತ್ತೆ ಮೊದಲಿನಿಂದ ಓದಿದ. ಮತ್ತೆ ಕಟ್ಟಿತು. ತುಟಿ ನೀಲಿಗಟ್ಟಿತು.

ಹಸೀನಾ ಅವನ ಎತ್ತಿದ ಕೈಗಳನ್ನು ಹಿಡಿದು ಕೆಳಗಿಳಿಸಿದಳು. "ಸಾಕು ಬಿಡ್ರಿ."

"ಯಾಕ? ಹರಕಿ ಮುಟ್ಟಸೂದಿಲ್ಲೇನ?"

"ಆರಾಮಾದ್ರ ಮುಟ್ಟಸ್ತೀನಿ ಅಂದಿದ್ದೆ. ಆರಾಮ ಎಲ್ಲಿ ಆಗೇತಿ?"

ಗೌಸ ನನ್ನ ಕಡೆ ನೋಡಿದ. ನಾನು ನೀರಿನ ಕಡೆ ನೋಡಿದೆ.

"ಶಾಂತಪ್ಪಣ್ಣನ್ನ ಯಾಕ ನೋಡತೀರಿ? ನನಗೇನ ಕಣ್ಣಿಲ್ಲೇನ?" ಅವಳು ದೀಪದ ಎಣ್ಣೆ ಚೆಲ್ಲಿದಳು. ಡಬ್ಬಿ ನಮ್ಮ ಮುಂದೆ ತಳ್ಳಿದಳು. "ಓದಿಕಿ ಆಗಿಲ್ಲ, ಇದು ಬರೇ ರೊಟ್ಟಿ ಬೆಲ್ಲ. ತಿನ್ರಿ. ಇನ್ನ ಗುಡ್ಡಾ ಇಳೀಬೇಕು."

ತಿಂದೆವು. ಗೌಸ ಬಹಳ ಹೊತ್ತು ಉಸಿರು ಕೂಡಿಸಿಕೊಂಡು ಅಂದ, "ಇಲ್ಲೀತನಾ ಬಂದು ಹರಕಿ ಬಾಕಿ ಉಳಿಸಿದಿಯಲ್ಲ, ಹಸೀನಾ."

ಅವಳು ಅವನ ಗಡ್ಡಕ್ಕೆ ಅಂಟಿದ ಬೆಲ್ಲ ಒರೆಸಿದಳು. "ಉಳೀಲಿ. ನಿಮ್ಮ ಕೈಲೆ ಬರೂದು ಬಾಕಿ ಐತಿ ಅಂತ ಆದ್ರೂ ಖಾಜಾ ಖಿಜರ ನಿಮ್ಮನ್ನ ನನ್ನ ಕೂಡ ಬಿಟ್ಟಾನು."

ಹೇಳಿ ಮುಗಿಸುವಷ್ಟರಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅಳತೊಡಗಿದಳು. ಅವಳನ್ನು ಸಮಾಧಾನ ಮಾಡಲು ಗೌಸನಲ್ಲಿ ಉಸಿರಿರಲಿಲ್ಲ. ನಾನು ಡಬ್ಬಿಯ ಮುಚ್ಚಳ ಹಾಕಿದೆ.