ಹೋಳಿಯಿಂದ ಯುಗಾದಿಗೆ ಬೆಳೆದ ಗಂಟು

ಆ ಗಂಟು ಕ್ಯಾನ್ಸರ್ ಅಲ್ಲವೆಂಬುದನ್ನು ತರುಣ ವೈದ್ಯೆಯೊಬ್ಬರು ಸೂಕ್ಷ್ಮದರ್ಶಕದಲ್ಲಿ ಒಂದೇ ನೋಟಕ್ಕೆ ಗುರುತಿಸಿದರೆಂದು ಇಂದಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾನು ಅಲ್ಲೇ ಇದ್ದೆ.

ಎಪ್ಪತ್ತರ ದಶಕದ ಆರಂಭ. ಅಂಗಾಂಶಗಳನ್ನು ತೆಳುವಾಗಿ ಕೊಯ್ದು ಬಣ್ಣ ಹಾಕುವ ಕೆಲಸವನ್ನು ಕೊಚ್ಚಿಯಲ್ಲಿ ಕಲಿತು, ತಿರುವನಂತಪುರದ ಆಸ್ಪತ್ರೆಯೊಂದರ ಪ್ರಯೋಗಾಲಯಕ್ಕೆ ಬಂದಿದ್ದೆ. ಕಾಲೇಜು ಕಂಡವನಲ್ಲ, ಚಾಲೈ ಪೇಟೆಯಲ್ಲಿ ಕೊಂಡ ಹಳೆಯ ರೋಗಶಾಸ್ತ್ರದ ಪುಸ್ತಕವೇ ನನ್ನ ಗುರು. ಮೆದು ಅಂಗಾಂಶದ ಗಡ್ಡೆಗಳಲ್ಲಿ ಜೀವಕೋಶಗಳು ಸುಳಿಯಾಗಿ ನಿಂತರೆ ಒಂದು ಹೆಸರು, ಮೀನಿನ ಮುಳ್ಳಿನಂತೆ ಓರೆಯಾಗಿ ಹೆಣೆದುಕೊಂಡರೆ ಇನ್ನೊಂದು ಎಂದು ಕಲಿತಿದ್ದೆ. ಆದರೂ ಮುಖ್ಯಸ್ಥರು ನನ್ನನ್ನು ಒಮ್ಮೆಯೂ ತಮ್ಮ ಪಕ್ಕದ ಕುರ್ಚಿಗೆ ಕರೆದಿರಲಿಲ್ಲ. ಹೊಸದಾಗಿ ಬಂದ ಆ ವೈದ್ಯೆಯನ್ನು ಮೊದಲ ವಾರವೇ ಕರೆದರು. ನನ್ನ ಹೊಟ್ಟೆ ಉರಿಯಿತು.

ಆ ದಿನದ ಸ್ಲೈಡು ಬ್ಯಾಂಕ್ ನೌಕರರೊಬ್ಬರ ಹೆಂಡತಿಯ ಮುಂಗೈ ಗಂಟಿನಿಂದ ತೆಗೆದ ತುಣುಕಿನದು; ಆಕೆ ನನ್ನಂತೆಯೇ ಕನ್ನಡದವರು, ಧಾರವಾಡದ ಕಡೆಯವರು. ಬಣ್ಣ ಹಾಕಿದವನೂ ಮೊದಲು ನೋಡಿದವನೂ ನಾನೇ. ಮೀನಿನ ಮುಳ್ಳು! ಅಂದರೆ ಕ್ಯಾನ್ಸರ್. ಮುಖ್ಯಸ್ಥರಿಗೂ ಹಾಗೆಯೇ ಕಂಡಿತು. ಕ್ಯಾನ್ಸರ್ ಎಂದು ಬರೆದರೆ ಕೈಯನ್ನೇ ತೆಗೆಯುತ್ತಿದ್ದರು. ರೋಗಿಯ ವಿವರ ಕೇಳದೆ ಸ್ಲೈಡು ಓದುವುದು ನಮ್ಮಲ್ಲಿ ಹೆಮ್ಮೆಯ ಪದ್ಧತಿ. ವೈದ್ಯೆ ಬಹಳ ಹೊತ್ತು ನೋಡಿ, "ನನಗೆ ತಿಳಿಯುತ್ತಿಲ್ಲ ಸಾರ್, ಅವರನ್ನೇ ಕೇಳಿ ಬರುತ್ತೇನೆ" ಎಂದರು.

"ವಾರ್ಡಿಗೆ ಹೋಗಿ ಕವಡೆ ಹಾಕಿಸ್ತೀಯಾ?" ಎಂದು ಮುಖ್ಯಸ್ಥರು ನಕ್ಕರು.

ವೈದ್ಯೆ ನನ್ನತ್ತ ತಿರುಗಿ, ಮಲಯಾಳದಲ್ಲಿ ಅಣ್ಣನೆಂದು ಕರೆದರು. "ಚೇಟ್ಟಾ, ಅವರು ನಿಮ್ಮ ಭಾಷೆಯವರಲ್ಲವೇ? ಬನ್ನಿ."

ವಾರ್ಡಿನಲ್ಲಿ ನಾನು ಕೇಳಿದೆ: "ಇದು ಬಂದು ಎಷ್ಟು ದಿನ ಆಯ್ತಮ್ಮ?"

"ಹೋಳಿ ಹುಣ್ಣಿವಿಗೆ ಏನೂ ಇದ್ದಿದ್ದಿಲ್ರಿ ಅಣ್ಣಾರ. ಯುಗಾದಿಗೆ ಬೇವು-ಬೆಲ್ಲ ಕುಟ್ಟಾಕ ಕುಂತೆ, ನಿಂಬಿಕಾಯಿಯಷ್ಟ ಆಗಿತ್ತು ನೋಡ್ರಿ."

ವೈದ್ಯೆಗೆ ಹೋಳಿ ಯಾವಾಗಲೆಂದೂ ತಿಳಿಯದು, ಯುಗಾದಿ ಯಾವಾಗಲೆಂದೂ ತಿಳಿಯದು. ಹದಿನೈದು ದಿನವೆಂದು ನಾನೇ ಬಿಡಿಸಿ ಹೇಳಿದೆ. ಆಕೆಯ ಮುಖ ಅರಳಿತು. ಇಷ್ಟು ಬೇಗ ಉಬ್ಬುವುದು, ಕ್ಯಾನ್ಸರನ್ನೇ ಹೋಲುವ ನಿರುಪದ್ರವಿ ಗಂಟೊಂದರ ಸ್ವಭಾವವೆಂದು ಓದಿದ್ದರಂತೆ. ನನ್ನ ಪುಸ್ತಕ ಆ ತಿಳಿವಳಿಕೆಗಿಂತ ಹಳೆಯದು. ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರು; ಉಳಿದಿದ್ದ ಗಂಟು ತಾನಾಗಿಯೇ ಕರಗಿತು.

ಊರಿಗೆ ಹೊರಡುವ ಮುನ್ನ ಆ ಹೆಂಗಸು ಪ್ರಯೋಗಾಲಯಕ್ಕೇ ಬಂದು, ಅದೇ ಕೈಯಿಂದ ವೈದ್ಯೆಯ ಕೈ ಹಿಡಿದು ನನ್ನತ್ತ ನೋಡಿದರು. "ಅಣ್ಣಾರ, ಡಾಕ್ಟರ್ ಬಾಯಾರಿಗೆ ಹೇಳ್ರಿ. ಇವ್ರ ಕಣ್ಣು ದೇವ್ರ ಕಣ್ಣು. ನೋಡಿದ್ ಕೂಡ್ಲೆ ತಿಳಕೊಂಡ್ರು."

ಆ ಕಣ್ಣಿಗೆ ಏನೂ ತಿಳಿದಿರಲಿಲ್ಲ. ಕೇಳಿದ್ದು ನಾನು, ಎಣಿಸಿದ್ದು ನಾನು. ಆದರೂ ಒಂದು ಮಾತನ್ನೂ ಬಿಡದೆ ಮಲಯಾಳದಲ್ಲಿ ಒಪ್ಪಿಸಿದೆ. ಮುಖ್ಯಸ್ಥರೂ ಕೇಳಿಸಿಕೊಂಡರು. ಈಗ ಎಲ್ಲರೂ ಹೇಳುವ ಕಥೆ ಹೊರಟದ್ದು ಅಲ್ಲಿಂದಲೇ, ನನ್ನ ಬಾಯಿಂದ.