ಜಾದೂಗಾರರ ಕೋಟಿನ ಪದಕಗಳು

ಜಾದೂವಿನ ಚರಿತ್ರೆ ಬರೆಯುತ್ತೇನೆಂದು ಹೊರಟಾಗ ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಐವತ್ತರ ದಶಕದ ಕೊನೆಯ ಮಾತು. "ಎಲ್ಲರೂ ದಾಸರ ಪದದ ಮೇಲೆ ಬರೀತಾರೆ, ನೀನು ಟೋಪಿಯಿಂದ ಪಾರಿವಾಳ ತೆಗೆಯೋರ ಹಿಂದೆ ಬಿದ್ದಿದೀಯಲ್ಲೇ!" ಎಂದು ಅಮ್ಮ ಹಣೆ ಚಚ್ಚಿಕೊಂಡರು. ದಾಸರ ಪದಗಳಿಗೆ ನನ್ನ ಅಗತ್ಯವೇನೂ ಇರಲಿಲ್ಲ. ಜಾದೂಗಾರರ ವಿಷಯ ಕೇಳಿದರೆ ಮಾತ್ರ ಜನ "ಅಯ್ಯೋ, ಅದೆಲ್ಲ ಕಣ್ಕಟ್ಟು ಬಿಡಿ" ಎಂದುಬಿಡುತ್ತಿದ್ದರು. ಕಣ್ಕಟ್ಟಿಗೂ ಒಂದು ಚರಿತ್ರೆ ಇರಬಾರದೆ?

ನಜರ್‌ಬಾದಿನ ಒಂದು ಗಲ್ಲಿಯಲ್ಲಿ ವಯಸ್ಸಾದ ಜಾದೂಗಾರರೊಬ್ಬರು ಹೆಂಡತಿಯೊಡನೆ ಇದ್ದರು. ನಾನು ಲಂಗ ಹಾಕುವ ವಯಸ್ಸಿನಲ್ಲಿ ದಸರಾ ವಸ್ತುಪ್ರದರ್ಶನದಲ್ಲಿ ಅವರ ಆಟ ನೋಡಿದ್ದೆ. ಖಾಲಿ ಅಂಗೈಯಿಂದ ಬಣ್ಣದ ಟೇಪು ಎಳೆದರು, ಎಳೆದರು, ಮುಗಿಯಲೇ ಇಲ್ಲ. ಮನೆಗೆ ಬಂದು ನಾನೂ ಅಂಗೈ ಕೆರೆದುಕೊಂಡು ನೋಡಿದ್ದುಂಟು. ಹಾಗಾಗಿ ಮೊದಲು ಹೋದದ್ದು ಅವರಲ್ಲಿಗೇ.

ಜಂಬದ ಮನುಷ್ಯ. ಕಾಫಿಗಿಂತ ಮೊದಲು ಕೋಟು ಬಂತು. ಕಪ್ಪು ಬಣ್ಣ ಬಿಸಿಲಿಗೆ ಕಂದಿತ್ತು, ಎದೆ ತುಂಬ ಬೆಳ್ಳಿಯ ಪದಕಗಳು. "ಇದು ಶಿವಮೊಗ್ಗದ್ದು, ಇದು ಹುಬ್ಬಳ್ಳಿದು. ಆಟ ಮೆಚ್ಚಿ ಕೊಟ್ಟಿದ್ದು. ಬರ್ಕೊಳ್ಳಿ ಅಮ್ಮಾವ್ರೆ." ನಾನೂ ಬರೆದುಕೊಂಡೆ. ಚರಿತ್ರೆ ಬರೆಯುವವರಿಗೆ ಪದಕಕ್ಕಿಂತ ಬೇರೆ ಸಾಕ್ಷಿ ಬೇಕೆ? ಊರಿನ ಹೆಸರು ಅದರ ಮೇಲೇ ಇರುತ್ತದೆ.

ಇನ್ನೊಂದು ಸಲ ಹೋದಾಗ ಕೋಟನ್ನು ಕಿಟಕಿಯ ಬಳಿ ಹಿಡಿದು ನೋಡಿದೆ. ಪ್ರತಿ ಪದಕದ ಮೇಲೂ ಒಂದು ಗಂಡಭೇರುಂಡ, ಪ್ರತಿ ಗಂಡಭೇರುಂಡಕ್ಕೂ ಎಡಗಡೆಯ ಕೊಕ್ಕು ಮುರಿದಿತ್ತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ.

"ನನ್ನ ಕಿವಿಗೆ ಹೂವಿಡಬೇಡಿ ಯಜಮಾನ್ರೆ. ಶಿವಮೊಗ್ಗದ ಹಕ್ಕಿಗೂ ಹುಬ್ಬಳ್ಳಿ ಹಕ್ಕಿಗೂ ಒಂದೇ ಕೊಕ್ಕು ಹೇಗೆ ಮುರಿಯುತ್ತೆ?"

ಅವರು ಕೋಟನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚತೊಡಗಿದರು. ಒಳಗಿನಿಂದ ಹೆಂಡತಿ, "ಹೇಳ್ಬುಡಿ ಅತ್ಲಾಗೆ" ಎಂದರು.

ಎಲ್ಲವೂ ಇಲ್ಲಿಯೇ, ಅಶೋಕ ರಸ್ತೆಯ ಒಬ್ಬ ಅಕ್ಕಸಾಲಿಯ ಒಂದೇ ಅಚ್ಚಿನಲ್ಲಿ ಆದವಂತೆ. ಪರವೂರಿಗೆ ಹೊರಡುವ ಮೊದಲು ಪದಕ ಮಾಡಿಸಿಕೊಳ್ಳುವುದು, ಕರವಸ್ತ್ರದಲ್ಲಿ ಸುತ್ತಿ ಸಭೆಯ ಅಧ್ಯಕ್ಷರ ಕೈಗೆ ಗುಟ್ಟಾಗಿ ಕೊಡುವುದು. ಆಟದ ಕೊನೆಗೆ ಅವರು ನಾಲ್ಕು ಒಳ್ಳೆಯ ಮಾತಾಡಿ ಅದನ್ನೇ ಕೋಟಿಗೆ ಚುಚ್ಚುತ್ತಾರೆ. ಕಸುಬಿನವರೆಲ್ಲರ ಪದ್ಧತಿಯೇ ಅದಂತೆ.

"ಹಾಗಾದ್ರೆ ಒಂದೂ ಅವರಾಗಿ ಕೊಟ್ಟಿದ್ದಲ್ಲ?"

"ಯಾರ್ಗೂ ತೋಚ್ತಿರ್ಲಿಲ್ಲ ಅಮ್ಮಾವ್ರೆ. ಚಪ್ಪಾಳೆ ಹೊಡ್ದು ಮನೆಗ್ ಹೊರಟ್ಬುಡೋರು. ಆದ್ರೆ ಆ ಚಪ್ಪಾಳೆ ನಾನು ಮಾಡ್ಸಿದ್ದಲ್ವಲ್ಲ?"

"ಇದನ್ನ ಪುಸ್ತಕದಲ್ಲಿ ಬರೀತೀನಿ" ಎಂದೆ. ಅವರ ಮುಖ ಇಳಿದುಹೋಯಿತು.

"ಬರೀಬೇಡಿ. ಆಟ ಮುಗಿದ್ಮೇಲೆ ನಮ್ದು ಏನೂ ಉಳಿಯಲ್ಲ. ಟೇಪು ಪೆಟ್ಟಿಗೆಗೆ, ಜನ ಮನೆಗೆ. ಇಂಥೋನೊಬ್ಬ ಇದ್ದ ಅನ್ನೋಕೆ ಇರೋದು ಈ ಕೋಟೊಂದೇ. ಅದನ್ನೂ ಸುಳ್ಳು ಅಂದ್ಬುಟ್ರೆ?"

ಆದರೂ, ಗೊತ್ತಿದ್ದೂ ಸುಳ್ಳು ಬರೆಯಲಾರೆ ಎಂದು ಹೇಳಿ ಎದ್ದು ಬಂದೆ. ಮನೆಯಲ್ಲಿ ಆ ಅಧ್ಯಾಯ ಬರೆಯಲು ಕೂತರೆ ಪೆನ್ನು ಮುಂದಕ್ಕೆ ಹೋಗದು. ಅಮ್ಮ ಸಾರು ಬಡಿಸುತ್ತಾ, "ಯಾರ ಮೇಲೆ ಕೋಪ?" ಎಂದರು. ನನಗೇ ಗೊತ್ತಿರಲಿಲ್ಲ.

ಕೆಲವು ವಾರಗಳ ಮೇಲೆ ಅವರೇ ಸ್ಕೂಲಿಗೆ ಬಂದರು. ಕೈ ನಡುಗುತ್ತಿತ್ತು. ಇನ್ನು ಆಟ ಸಾಕು, ಕೊನೆಯದೊಂದು ನಿಮ್ಮ ಹುಡುಗಿಯರಿಗೆ ತೋರಿಸುತ್ತೇನೆ, ಅಧ್ಯಕ್ಷತೆ ನೀವೇ ವಹಿಸಬೇಕು ಎಂದರು. "ಬರೆಯೋದು ಬಿಡೋದು ನಿಮ್ಮಿಷ್ಟ."

ಆ ಸಂಜೆಯೇ ಅಶೋಕ ರಸ್ತೆಗೆ ಹೋದೆ. ಸುಳ್ಳು ಬರೆಯಲಾರೆ, ಸರಿ. ನಿಜವಾದದ್ದೊಂದನ್ನು ಮಾಡಿಸಬಹುದಲ್ಲ! ಪದಕ ಎಂದ ಕೂಡಲೇ ಅಕ್ಕಸಾಲಿ ಅದೇ ಕೊಕ್ಕು ಮುರಿದ ಅಚ್ಚು ತೆಗೆದ. ಹಕ್ಕಿ ಬೇಡ, ಬರೀ ಅಕ್ಷರ ಸಾಕು ಎಂದೆ: "ನೋಡಿ ಮೆಚ್ಚಿ ಕೊಟ್ಟದ್ದು."

"ಆಟ ಆಯ್ತೇನಮ್ಮ?"

"ನಾನು ನೋಡಿ ಬಹಳ ವರ್ಷ ಆಯ್ತು ಕಣಪ್ಪ."

ಆಟದ ದಿನ ಅವರು ನನ್ನ ಮುಖ ನೋಡದೆ ಕರವಸ್ತ್ರದ ಗಂಟೊಂದನ್ನು ಕೈಗಿಟ್ಟರು. ಒಳಗೆ ಶಿವಮೊಗ್ಗದ ಪದಕ, ಹುಣಸೆಹಣ್ಣು ಹಾಕಿ ಉಜ್ಜಿದ್ದರು. ಹೊಸದು ಮಾಡಿಸಲಾಗದೆ ಕೋಟಿನಿಂದಲೇ ಬಿಚ್ಚಿದ್ದರು. ಅದಿದ್ದ ಜಾಗದಲ್ಲಿ ಬಟ್ಟೆ ಮಾತ್ರ ದುಂಡಗೆ ಕಪ್ಪಾಗಿ ಉಳಿದಿತ್ತು. ಆ ಪದಕವನ್ನು ಮುಷ್ಟಿಯಲ್ಲಿಟ್ಟುಕೊಂಡು ನನ್ನ ಕುರ್ಚಿಗೆ ಹೋಗಿ ಕೂತೆ.

ಕೆಂಪು ಚೆಂಡೊಂದು ಕೈಜಾರಿ ಮುಂದಿನ ಸಾಲಿಗೆ ಉರುಳಿತು. ಹುಡುಗಿಯರು ಕಿಸಕ್ಕೆಂದರು. ಅವರು ಬಗ್ಗಿ ಹುಡುಕಿದಂತೆ ಮಾಡಿ ಅದನ್ನು ಒಬ್ಬಳ ಜಡೆಯಿಂದ ತೆಗೆದರು. ಟೇಪು ಎಳೆಯುವಾಗ ಕೈಯ ಜೊತೆ ಟೇಪೂ ನಡುಗಿತು, ಆದರೆ ಮುಗಿಯಲಿಲ್ಲ. ಹುಡುಗಿಯರು ಬೆಂಚಿನ ಮೇಲೆ ಹತ್ತಿ ನಿಂತರು, ನಾನು ಗದರಿಸಲಿಲ್ಲ.

ಕೊನೆಗೆ ವೇದಿಕೆ ಹತ್ತಿ ನಾಲ್ಕು ಮಾತಾಡಿ, ಆ ದುಂಡು ಕಪ್ಪಿನ ಮೇಲೆ ನನ್ನ ಪದಕ ಚುಚ್ಚಿದೆ. ರೂಢಿಯಂತೆ ಅವರು ಸಭೆಗೆ ಕೈಮುಗಿದರು. ಕೈ ಇಳಿಸುವಾಗ ಎದೆಯ ಕಡೆ ನೋಡಿದವರು ಹಾಗೇ ನಿಂತುಬಿಟ್ಟರು. ಪದಕವನ್ನು ಮೇಲಕ್ಕೆತ್ತಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ನಾನು ಮುಷ್ಟಿ ಬಿಡಿಸಿ ಶಿವಮೊಗ್ಗದ್ದನ್ನು ತೋರಿಸಿದೆ. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಅವರ ಕಣ್ಣು ತುಂಬಿತ್ತು.

"ಯಾವಾಗ ಬದಲಾಯಿಸ್ಬುಟ್ರಿ ಅಮ್ಮಾವ್ರೆ?" ಎಂದರು ಮೆಲ್ಲಗೆ. "ನಂಗೆ ಕಾಣಲೇ ಇಲ್ವಲ್ಲ!"