ಭಾವ ತಿಂದುಹಾಕಿದ ಬಸ್ಸಿನ ಖರ್ಚು

ಹೋದ ವಾರ ಪಾಯಸಕ್ಕೆಂದು ಮೂಲೆಯ ಕಿರಾಣಿ ಅಂಗಡಿಯಿಂದ ಒಂದು ಪೊಟ್ಟಣ ಒಣದ್ರಾಕ್ಷಿ ತಂದೆ. ಕತ್ತರಿಯಿಂದ ಬಾಯಿ ಬಿಡಿಸಿದ್ದೇ ತಡ, ಗಂಧಕದ ವಾಸನೆ ಸಣ್ಣಗೆ ಮೂಗಿಗೆ ಹೊಡೆಯಿತು. ಬೆಂಗಳೂರಿನವರಿಗೆ ಇದು ಗೊತ್ತಾಗುವುದಿಲ್ಲ. ಹಣ್ಣು ಕಪ್ಪಾಗದೆ ಬಂಗಾರದ ಬಣ್ಣ ಉಳಿಯಲಿ ಎಂದು ಒಣಗಿಸುವಾಗ ಗಂಧಕದ ಹೊಗೆ ಕೊಡುತ್ತಾರೆ. ಒಂದು ಸಲ ಆ ಹೊಗೆಯ ಶೆಡ್ಡಿನಲ್ಲಿ ಕೂತು ಬಂದವರ ಮೂಗು ಅದನ್ನು ಮರೆಯುವುದಿಲ್ಲ. ನನಗೆ ಮಾತ್ರ ಶೆಡ್ಡಿಗಿಂತ ಮೊದಲು ಅದರ ಯಜಮಾನರು ನೆನಪಾದರು. ನನ್ನ ಗಂಡನ ಅಣ್ಣ, ನನ್ನ ಭಾವ. ನೆನಪಾಗಲಿ ಎಂದು ನಾನೇನೂ ಹರಕೆ ಹೊತ್ತಿರಲಿಲ್ಲ.

ಅವರು ಟಿಕೋಟಾದಲ್ಲಿದ್ದರು. ದ್ರಾಕ್ಷಿ ತೋಟ ಅಣ್ಣತಮ್ಮಂದಿರ ನಡುವೆ ಪಾಲಾಗಿರಲಿಲ್ಲ, ವ್ಯವಹಾರವೆಲ್ಲ ಅವರ ಕೈಯಲ್ಲಿ. ನಾವು ವಿಜಯಪುರದ ಜೋರಾಪುರ ಪೇಟೆಯಲ್ಲಿ ಬಾಡಿಗೆಗಿದ್ದೆವು. ನನ್ನ ಗಂಡ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದರು. ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಭಾವ ನನ್ನ ಜೊತೆ ಒಂದೇ ಒಂದು ಮಾತು ನೇರವಾಗಿ ಆಡಿರಲಿಲ್ಲ. ತಮ್ಮನ ಹೆಂಡತಿಯ ಜೊತೆ ಮಾತಾಡಬಾರದು ಎಂಬುದು ಹಳೆಯ ರೀತಿ, ನಿಜ. ಆದರೆ ಉಳಿದವರ ಮನೆಯಲ್ಲಿ ಆ ರೀತಿ ಎಂದೋ ಸಡಿಲಾಗಿತ್ತು. ಇವರು ನಾನು ಎದುರಿಗೇ ನಿಂತಿದ್ದರೂ ‘ಚಾ ಆತೇನು ಕೇಳು’ ಎಂದು ಗೋಡೆಗೆ ಹೇಳುತ್ತಿದ್ದರು.

ನನ್ನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ನಮಗೆ ಅದು ತಿಳಿದದ್ದೇ ತಡವಾಗಿ. ಕಿವಿಗೆ ಯಂತ್ರ ಹಾಕಿಸಿದ ಮೇಲೆ ಡಾಕ್ಟರು, ಬರೀ ಯಂತ್ರದಿಂದ ಮಾತು ಬರುವುದಿಲ್ಲ, ಕಲಿಸಬೇಕು, ಅದೂ ಈಗಲೇ ಕಲಿಸಬೇಕು, ಬೆಳೆದಷ್ಟೂ ಕಷ್ಟ ಎಂದರು. ಅಂಥ ಒಂದು ಶಾಲೆ ಬೆಂಗಳೂರಿನಲ್ಲಿತ್ತು. ದಿನಾ ತಾಯಿಯೂ ಮಗುವಿನ ಪಕ್ಕದಲ್ಲಿ ಕೂತು ಕಲಿಯಬೇಕು. ಹಾಗೆಂದರೆ ಮನೆಯನ್ನೇ ಕಿತ್ತುಕೊಂಡು ಹೋಗಬೇಕು. ಕಾಖಂಡಕಿಯ ನನ್ನ ತವರಿನವರು ಕೈಲಾದಷ್ಟು ಕೊಟ್ಟರು. ಉಳಿದದ್ದು ಆ ವರ್ಷದ ಒಣದ್ರಾಕ್ಷಿಯ ದುಡ್ಡಿನಿಂದಲೇ ಬರಬೇಕಿತ್ತು, ಅಂದರೆ ಭಾವನ ಕೈಯಿಂದ.

ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಖರ್ಚೇನೇನು ಬಂದು ಹೇಳಲಿ ಎಂದು ಹೇಳಿ ಕಳಿಸಿದರು. ಎಲ್ಲಿಗೆ? ಮನೆಗಲ್ಲ, ಶೆಡ್ಡಿಗೆ! ಬಬಲೇಶ್ವರದ ಕಡೆಯಿಂದ ಬಂದ ಹೆಣ್ಣಾಳುಗಳು ಸಾಲಾಗಿ ಕೂತು ದ್ರಾಕ್ಷಿಯ ಕಡ್ಡಿ ಬಿಡಿಸುತ್ತಿದ್ದರು. ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಒಂದು ಬದಿಗೆ ಬಾಕ್ಸ್ ತುಂಬಿಸುತ್ತಿದ್ದರು. ಅಷ್ಟು ಜನರ ನಡುವೆ ತಾಡಪತ್ರಿಯ ಮೇಲೆ ಚಕ್ಕಂಬಟ್ಟಲು ಹಾಕಿ ಕೂತು ಭಾವ ನಮ್ಮ ಲೆಕ್ಕ ಕೇಳಿದರು. ನಾನು ಸೆರಗು ಹೊದ್ದು ಗಂಡನ ಬೆನ್ನ ಹಿಂದೆ. ಮಡಿಲಲ್ಲಿ ಮಗಳು.

ನನ್ನ ಗಂಡ ಒಂದೊಂದೇ ಖರ್ಚು ಹೇಳಿದ ಹಾಗೆ ಭಾವ ರಾಶಿಯಿಂದ ಒಂದೊಂದು ಒಣದ್ರಾಕ್ಷಿ ತೆಗೆದು ಮುಂದೆ ಸಾಲಾಗಿ ಇಟ್ಟರು. ಮನೆ ಬಾಡಿಗೆಗೆ ಒಂದು, ಮುಂಗಡಕ್ಕೆ ಒಂದು, ಶಾಲೆಯ ಫೀಜಿಗೆ ಒಂದು, ಕಿವಿ ಯಂತ್ರದ ಬ್ಯಾಟರಿಗೆ ಒಂದು... ಸಾಲು ಬೆಳೆಯಿತು. ಆಮೇಲೆ ಶುರುವಾಯಿತು ಅವರ ಆಟ. ಯಾವ ಖರ್ಚು ಬೇಡವೆಂದು ಅನ್ನಿಸಿತೋ ಆ ದ್ರಾಕ್ಷಿಯನ್ನು ಎತ್ತಿ ಬಾಯಿಗೆ ಹಾಕಿಕೊಳ್ಳುವುದು!

“ಹತ್ತ ತಿಂಗಳದ್ದ ಮುಂಗಡ? ಅಲ್ಲೇನ ಮನಿ ಭಾಡಿಗಿ ಕೊಡ್ತಾರೋ, ಮಾರ್ತಾರೋ? ಕೇಳೋ ನಿನ್ನ ಹೇಣತಿಗೆ.”

ನನ್ನ ಗಂಡ ನನ್ನ ಕಡೆ ತಿರುಗಿದರು. ಬೆಂಗಳೂರಿನ ರೂಢಿ ಅದು, ನಾನೇನು ಮಾಡಲಿ? ಹೆಣ್ಣಾಳುಗಳು ಸೆರಗು ಬಾಯಿಗಿಟ್ಟು ನಕ್ಕರು. ಮುಂಗಡದ ದ್ರಾಕ್ಷಿಯನ್ನು ಅವರು ಬಹಳ ಹೊತ್ತು ಬೆರಳಲ್ಲಿ ಹೊರಳಾಡಿಸಿ ವಾಪಸ್ಸು ಇಟ್ಟರು. ಲಾರಿ ಬಾಡಿಗೆಯ ದ್ರಾಕ್ಷಿ ಬಾಯಿಗೆ ಹೋಯಿತು: ಬೆಂಗಳೂರಿಗೆ ಮಾಲು ಒಯ್ಯುವ ಲಾರಿಯಲ್ಲೇ ನಮ್ಮ ಸಾಮಾನೂ ಹೋಗಲಿ. ಜೋಳದ್ದು ಹೋಯಿತು: ಅದನ್ನು ಇಲ್ಲಿಂದಲೇ ಕಳಿಸುತ್ತಾರೆ. ಆಟೋದ್ದು ಹೋಯಿತು: ಕಾಲಿಲ್ಲೇನು? ಹಾಲಿನದನ್ನು ಹಲ್ಲಿನಿಂದ ಕಡಿದು ಅರ್ಧ ಇಟ್ಟರು. ಅರ್ಧ! ಎಂಜಲು ಮಾಡಿದ ದ್ರಾಕ್ಷಿಯನ್ನು ನನ್ನ ಮಗಳ ಹಾಲಿನ ಲೆಕ್ಕಕ್ಕೆ ಇಟ್ಟ ಆ ಬೆರಳುಗಳನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ನಡುವೆ ಒಮ್ಮೆ ಹೆಣ್ಣಾಳುಗಳಿಗೂ ಕೇಳುವಂತೆ, “ದೇವರ ಕೊಡದ್ದನ್ನ ರೊಕ್ಕಾ ಕೊಟ್ಟ ತರಾಕ ಹೊಂಟಾಳ,” ಎಂದರು. ಮಡಿಲಲ್ಲಿದ್ದ ಮಗಳು ದ್ರಾಕ್ಷಿಯ ಸಾಲನ್ನೇ ನೋಡುತ್ತಿದ್ದಳು. ಯಂತ್ರಕ್ಕೆ ಆಗಿನ್ನೂ ಹೊಂದಿಕೊಂಡಿರಲಿಲ್ಲ, ಅದೊಂದೇ ಪುಣ್ಯ.

ಕೊನೆಗೆ ಉಳಿದದ್ದು ಊರಿಗೆ ಹೋಗಿ ಬರುವ ಬಸ್ಸಿನ ಖರ್ಚು. ಹಬ್ಬಕ್ಕೊಮ್ಮೆ, ಶಾಲೆಯ ರಜೆಗೊಮ್ಮೆ. ಆ ದ್ರಾಕ್ಷಿಯನ್ನು ಎತ್ತಿಕೊಂಡರು.

“ಇದು ಬ್ಯಾಡ. ಹಬ್ಬಾ ಹುಣ್ಣಿವಿ ಅಂತ ಓಡಿ ಓಡಿ ಬರೂದಿದ್ರ ಅಲ್ಲಿಗ್ಯಾಕ ಹೋಗಬೇಕು? ಹುಡಿಗಿ ಬಾಯಿ ಬಿಟ್ಟ ಒಂದ ಮಾತ ಆಡ್ಲಿ, ಆವತ್ತ ಬರ್ರಿ. ಆವತ್ತಿನ ಗಾಡಿ ಖರ್ಚ ನಾ ಕೊಡ್ತೇನಿ.”

ಹೇಳಿ, ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದರು. ಮನೆಯ ಬಾಗಿಲನ್ನೇ ಮುಚ್ಚಿದ ಹಾಗಾಯಿತು ನನಗೆ. ಅಷ್ಟು ವರ್ಷ ಹೊದ್ದ ಸೆರಗು ಆ ಕ್ಷಣ ಎಲ್ಲಿ ಜಾರಿತೋ ಗೊತ್ತಿಲ್ಲ. “ರೊಕ್ಕಾ ಎಣಿಸಿ ಇಟ್ಟಿರ್ರಿ ಭಾವಾರ, ಬರ್ತೇವಿ,” ಎಂದೆ. ಶೆಡ್ಡಿನಲ್ಲಿ ಕಡ್ಡಿ ಬಿಡಿಸುವ ಸದ್ದೂ ನಿಂತಿತು. ಭಾವ ನನ್ನನ್ನು ನೋಡಲಿಲ್ಲ. “ನಿನ್ನ ಹೇಣತಿಗೆ ಮಾತ ಬರ್ತಾವಲ್ಲೋ,” ಎಂದು ತಮ್ಮನಿಗೆ ಹೇಳಿ ಎದ್ದು ಹೋದರು. ಅವರಿಗೆ ನಾನು ಆಡಿದ ಮಾತು ಅದೊಂದೇ.

ದ್ರಾಕ್ಷಿ ಬಾಕ್ಸುಗಳ ನಡುವೆ ನಮ್ಮ ಹಾಸಿಗೆ, ಪಾತ್ರೆ, ಜೋಳದ ಚೀಲ ಹೇರಿಕೊಂಡು ಬೆಂಗಳೂರಿಗೆ ಬಂದೆವು. ಒಂದು ಕೋಣೆ, ಒಂದು ಅಡುಗೆಮನೆ. ಕೌದಿಗಳೆಲ್ಲ ಗಂಧಕ ನಾರುತ್ತಿದ್ದವು, ಹಾಸಿಗೆಯ ತುಂಬ ಇರುವೆ. ಭಾವನ ಉಳಿತಾಯ ನಮ್ಮನ್ನು ಒಂದು ತಿಂಗಳು ಕಚ್ಚಿತು. ಜೋಳ ಮಾತ್ರ ಹೇಳಿದ ಹಾಗೆ ಲಾರಿಯ ಜೊತೆ ಬರುತ್ತಿತ್ತು, ತಪ್ಪಿಸಲಿಲ್ಲ. ಜೊತೆಗೊಂದು ಗಂಟು ಒಣದ್ರಾಕ್ಷಿ, ಮಾರಾಟಕ್ಕೆ ಬಾರದ ಕಪ್ಪು ದ್ರಾಕ್ಷಿ. ಒಳ್ಳೆಯದನ್ನು ಕೊಟ್ಟರೆ ಕೈ ಸವೆಯುತ್ತಿತ್ತೇನೋ.

ಶಾಲೆಯಲ್ಲಿ ಟೀಚರು ಮಗಳ ಕೈಯನ್ನು ತಮ್ಮ ಗಂಟಲ ಮೇಲೆ ಇಡಿಸಿಕೊಂಡು ಸದ್ದು ಕಲಿಸುತ್ತಿದ್ದರು. ಅಲ್ಲಿ ಕಲಿತದ್ದನ್ನು ನಾನು ಮನೆಯಲ್ಲಿ ಕನ್ನಡಿಯ ಮುಂದೆ ಮತ್ತೆ ಹೇಳಿಸುತ್ತಿದ್ದೆ. ಮೊದಲು ಬರೀ ಉಸಿರು. ಆಮೇಲೆ ‘ಮ’, ‘ಪ’... ಒಂದು ದಿನ ಸ್ಟೋವಿನ ಮೇಲೆ ಹಾಲು ಉಕ್ಕಿದಾಗ ‘ಅಮ್ಮ, ಹಾಲು’ ಎಂದಳು. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಹಾಲು ಹೋಗಲಿ, ಹೇಗೂ ಅರ್ಧವೇ ಇತ್ತು.

ಅವತ್ತೇ ನನ್ನ ಗಂಡ ಅಣ್ಣನಿಗೆ ಫೋನು ಮಾಡಲು ಹೊರಟರು. ನಾನು ಬಿಡಲಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವೇ ಅದು? ಅದೇ ಶೆಡ್ಡಿನಲ್ಲಿ, ಅದೇ ಹೆಣ್ಣಾಳುಗಳ ಮುಂದೆ, ಆ ಮನುಷ್ಯನ ಕಣ್ಣೆದುರಿಗೇ ಮಗಳು ಬಾಯಿ ಬಿಡಬೇಕು. ಅದಕ್ಕೆಂದೇ ಅವಳಿಗೆ ಒಂದು ಮಾತು ಕಲಿಸಲು ಶುರು ಮಾಡಿದೆ: ‘ದೊಡ್ಡಪ್ಪಾರ, ನಾ ಬಂದೇನ್ರಿ. ಗಾಡಿ ಖರ್ಚ ಕೊಡ್ರಿ.’ ಶಾಲೆಯಲ್ಲಿ ಕಲಿತದ್ದೆಲ್ಲ ಬೆಂಗಳೂರಿನ ಕನ್ನಡ, ಇದೊಂದು ಮಾತ್ರ ಟಿಕೋಟಾದ್ದು. ‘ಗಾಡಿ’ ಬೇಗ ಬಂತು. ‘ಖರ್ಚ’ ಎಂಬಲ್ಲಿ ಅವಳ ನಾಲಗೆ ಸಿಕ್ಕಿಕೊಳ್ಳುತ್ತಿತ್ತು. ಬಿಡದೆ ಹೇಳಿಸಿದೆ. ಭಾವ ಆಗಾಗ ಫೋನು ಮಾಡಿ, ಜೋಳ ಮುಟ್ಟಿತೇ ಎಂದು ಕೇಳಿ, ಇಡುವ ಮೊದಲು ‘ಹುಡಿಗಿ?’ ಎನ್ನುತ್ತಿದ್ದರಂತೆ. ‘ಕಲ್ಯಾಕತ್ತಾಳ’ ಎಂದಷ್ಟೇ ಹೇಳಬೇಕೆಂದು ಗಂಡನಿಗೆ ತಾಕೀತು ಮಾಡಿದ್ದೆ. ಹಬ್ಬಗಳು ಬಂದವು, ಹೋದವು. ಬೇಸಿಗೆಯಲ್ಲಿ ಶೆಡ್ಡು ತುಂಬಲಿ, ಆಗ ಹೋಗೋಣ ಎಂದು ಕಾದೆ. ನಾನು ಮಾಡಿದ್ದು ಸರಿ ಎಂದೇ ಈಗಲೂ ಹೇಳುತ್ತೇನೆ.

ಶೆಡ್ಡು ತುಂಬುವ ಮೊದಲೇ ಫೋನು ಬಂತು. ಎದೆ ನೋವು ಎಂದು ಕೂತ ಭಾವ ಮತ್ತೆ ಏಳಲಿಲ್ಲವಂತೆ.

ಟಿಕೋಟಾದ ಮನೆ ಮುಟ್ಟಿದಾಗ ಪಡಸಾಲೆಯಲ್ಲಿ ಭಜನೆ ನಡೆದಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಗೋಡೆಗೆ ಒರಗಿಸಿ, ಚಕ್ಕಂಬಟ್ಟಲು ಹಾಕಿಸಿ, ಹಣೆಗೆ ವಿಭೂತಿ ಬಳಿದು, ತಲೆಗೆ ರುಮಾಲು ಸುತ್ತಿದ್ದರು. ಶೆಡ್ಡಿನಲ್ಲಿ ಕೂತಿದ್ದರಲ್ಲ, ಥೇಟ್ ಹಾಗೆಯೇ. ನಾನು ಹೊಸ್ತಿಲಲ್ಲಿ ನಿಂತುಬಿಟ್ಟೆ. ಮಗಳು ನನ್ನ ಕೈ ಬಿಡಿಸಿಕೊಂಡು ಹೋದಳು. ಅವಳ ಕಣ್ಣಿಗೆ ದೊಡ್ಡಪ್ಪ ಕೂತಿದ್ದರು, ಅಷ್ಟೇ. ಎದುರಿಗೆ ನಿಂತು, ಕಲಿಸಿದ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು, ಗಟ್ಟಿಯಾಗಿ ಹೇಳಿದಳು.

“ದೊಡ್ಡಪ್ಪಾರ, ನಾ ಬಂದೇನ್ರಿ. ಗಾಡಿ ಖರ್ಚ ಕೊಡ್ರಿ.”

‘ಖರ್ಚ’ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ತಾಳದ ಸದ್ದು ನಿಂತಿತು. ಕೂತವರೆಲ್ಲ ತಲೆ ಎತ್ತಿದರು, ಅವರಲ್ಲಿ ಆ ಹೆಣ್ಣಾಳುಗಳೂ ಇದ್ದರು. ನಾನು ಅಷ್ಟು ದಿನ ಕಾದದ್ದು ಅದೇ ಮೌನಕ್ಕೆ. ಬಂತು. ನನಗೆ ಅದನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಮಗಳು ನನ್ನತ್ತ ತಿರುಗಿ ಶಾಲೆಯ ಕನ್ನಡದಲ್ಲಿ, “ದೊಡ್ಡಪ್ಪ ಯಾಕೆ ಮಾತಾಡ್ತಿಲ್ಲ?” ಎಂದು ಕೇಳಿದಳು.

ನೆಗೆಣ್ಣಿ ಎದ್ದು ಬಂದು ಗಂಡನ ಮೊಣಕಾಲು ಹಿಡಿದು ಅಲುಗಾಡಿಸಿದರು. “ಕೇಳ್ರೀ... ಹುಡಿಗಿ ಮಾತಾಡಾಕತ್ತಾಳ, ಕೇಳ್ರೀ ಒಂದೀಟ...”

ಕೇಳುವ ಕಾಲ ಮುಗಿದಿತ್ತು. ಕೊನೆಗೂ ನನಗೆ ಉತ್ತರ ಕೊಡದೆ ಹೋದರು. ಅವರ ಜಿಪುಣತನವನ್ನು ನಾನು ಕ್ಷಮಿಸಿಲ್ಲ, ಕಡಿದ ಅರ್ಧ ದ್ರಾಕ್ಷಿಯನ್ನಂತೂ ಇಲ್ಲವೇ ಇಲ್ಲ. ಆದರೆ ಬೇಸಿಗೆಯವರೆಗೆ ಇರಬೇಕಿತ್ತು ಆ ಮನುಷ್ಯ. ಮಗಳು ಆ ಮಾತು ಹೇಳಿದಾಗ ಅವರ ಮುಖ ಹೇಗಾಗುತ್ತಿತ್ತು ಎಂಬುದನ್ನು ನೋಡುವ ಆಸೆ ನನಗೆಷ್ಟಿತ್ತು ಎಂದರೆ... ಅದನ್ನು ಈಗ ಯಾರಿಗೆ ಹೇಳಲಿ?

ಹೋದ ವಾರ ಪಾಯಸ ಮಾಡಿ ಉಳಿದ ಒಣದ್ರಾಕ್ಷಿಯನ್ನು ಅಡುಗೆಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಮನೆಯ ಓನರು ಬಾಡಿಗೆ ಏರಿಸಿದ್ದಾರೆ, ತಿಂಗಳ ಲೆಕ್ಕ ಮತ್ತೆ ಹೊಂದಿಸಬೇಕು. ಬಾಡಿಗೆಗೆ ಒಂದು, ಫೀಜಿಗೆ ಒಂದು, ಗ್ಯಾಸಿಗೆ ಒಂದು, ಬ್ಯಾಟರಿಗೆ ಒಂದು. ಪಕ್ಕದ ಕೋಣೆಯಲ್ಲಿ ಮಗಳು ಗೆಳತಿಯ ಜೊತೆ ಪಟಪಟ ಜಗಳವಾಡುತ್ತಿದ್ದಳು. ಕೊನೆಗೆ ಒಂದು ದ್ರಾಕ್ಷಿಯನ್ನು ಟಿಕೋಟಾಕ್ಕೆ ಹೋಗಿ ಬರುವ ಖರ್ಚಿಗೆ ಇಟ್ಟೆ. ಯಾರೂ ಅದನ್ನು ಎತ್ತಿ ಬಾಯಿಗೆ ಹಾಕಿಕೊಳ್ಳಲಿಲ್ಲ. ಸಂಜೆಯವರೆಗೂ ಅದು ಅಲ್ಲೇ ಇತ್ತು.